ಸೆನ್ಸರ್ ಹೋಗಿದೆ

ಕೆಲಸ ಕೇಳಿ ಬಂದ ಮೂವರಲ್ಲಿ ಮೊದಲನೆಯವನು ಮೀಟರನ್ನು ಮುಟ್ಟಲೂ ಇಲ್ಲ. ಪರೀಕ್ಷೆಗೆಂದು ನಿಲ್ಲಿಸಿದ್ದ ಕಾರಿನ ಬಾನೆಟ್ಟಿನೊಳಗೆ ಒಮ್ಮೆ ಮೂಗು ತೂರಿಸಿ, ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು ಅಂದುಬಿಟ್ಟ. ಗ್ಯಾರೇಜಿನ ಮಾಲೀಕ ವೆಂಕಟೇಶಪ್ಪ ತಲೆಯಾಡಿಸಿದ.

"ಒಳಗೋಗಿ ಕೂತ್ಕೊಳ್ಳಿ. ಉಪ್ಪಿಟ್ಟು, ಕಾಫಿ ಕೊಡ್ತಾರೆ."

ಸಾಲಿನಲ್ಲಿ ಕೊನೆಯವನಾಗಿ ನಿಂತಿದ್ದ ಗದಿಗೆಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಥೂ, ಹೆಬ್ಬಗೋಡಿಗೆ ಬಂದರೂ ಅದೇ ಹಾಡು! ಪೀಣ್ಯದ ದೊಡ್ಡ ಗ್ಯಾರೇಜೊಂದರಲ್ಲಿ ಹನ್ನೊಂದು ವರ್ಷ ದುಡಿದವನು ಅವನು. ಗಿರಾಕಿಯೊಬ್ಬನಿಗೆ 'ನಿಮ್ಮ ಸೆನ್ಸರ್ ಚೆನ್ನಾಗಿದೆ' ಎಂದು ನಿಜ ಹೇಳಿದ ತಪ್ಪಿಗೆ ಮಾರನೇ ದಿನವೇ ಮನೆಗೆ ಕಳಿಸಿದ್ದರು. ಈಗ ನಾಲ್ಕು ತಿಂಗಳಾಗಿತ್ತು. ಇಲ್ಲಿ ಇಬ್ಬರು ಮೆಕ್ಯಾನಿಕ್ ಬೇಕು ಎಂದು ಕೇಳಿ ಬಂದಿದ್ದ. ಚಂದಾಪುರದ ಬಾಡಿಗೆ ಕೋಣೆಯಿಂದ ಹೊರಡುವಾಗ ಹೆಂಡತಿ ಮಹಾಂತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಈ ಸಲನರ ಬಾಯಿ ಮುಚ್ಚಿಕೊಂಡಿರ್ರಿ. ಇದೂ ಹೋದ್ರ ಗಂಟು ಕಟ್ಟೂದೊಂದ ಬಾಕಿ."

ಎರಡನೆಯವನು ಬಸಲಿಂಗ ಎಂಬ ಸಣಕಲ ಆಸಾಮಿ. ಎಂಜಿನ್ನಿನ ಬಿಸಿ ಅಳೆಯುವ ಆ ಪುಟ್ಟ ಸೆನ್ಸರನ್ನು ಬಿಚ್ಚಿ, ಮೀಟರ್ ಹಿಡಿದು ನೋಡಿ, ಸೆನ್ಸರ್ ಸರಿಯಿದೆ, ವೈರ್ ಕಡಿದಿದೆ ಅಂದ. ವೆಂಕಟೇಶಪ್ಪನ ಮುಖಭಾವ ಬದಲಾಗಲಿಲ್ಲ. ಹತ್ತಿರ ಕರೆದು ಮೆಲ್ಲಗೆ ಏನೋ ಹೇಳಿದ. ಬಸಲಿಂಗ ತಲೆ ತಗ್ಗಿಸಿ, ಗೇಟು ದಾಟಿ ಓಡಿಯೇಬಿಟ್ಟ. ಅವನಿಗೆ ಉಪ್ಪಿಟ್ಟೂ ಇಲ್ಲ, ಕಾಫಿಯೂ ಇಲ್ಲ.

ಗದಿಗೆಪ್ಪನ ಸರದಿ ಬಂತು. ಮೀಟರಿನ ಎರಡು ಕಡ್ಡಿಗಳನ್ನು ಸೆನ್ಸರಿಗೆ ಒತ್ತಿದ. ಎರಡೂವರೆ ಸಾವಿರ ಓಮ್. ಬಿಸಿನೀರಿನ ಲೋಟದಲ್ಲಿ ಅದ್ದಿದ. ಬಿಸಿ ಏರಿದಂತೆ ಅಂಕಿ ಇಳಿಯಬೇಕು. ಸರಸರನೆ ಇಳಿದು ಮುನ್ನೂರಕ್ಕೆ ನಿಂತಿತು. ಸೆನ್ಸರ್ ಗುಂಡುಕಲ್ಲಿನ ಹಾಗಿತ್ತು. ಅದಕ್ಕೆ ಬರುವ ವೈರಿನಲ್ಲಿ ಐದು ವೋಲ್ಟ್ ಇರಬೇಕಿತ್ತು, ಸೊನ್ನೆ ಇತ್ತು. ಟೇಪಿನಡಿ ವೈರ್ ತುಂಡಾಗಿದೆ. ಐದು ನಿಮಿಷದ ಕೆಲಸ.

"ಸೆನ್ಸರ್ ಹೋಗಿದೆ ಸಾರ್," ಅಂದ. "ಹೊಸದು ಹಾಕ್ಬೇಕು."

ವೆಂಕಟೇಶಪ್ಪ ಅವನನ್ನೇ ನೋಡಿದ. "ಮೀಟರ್ ಇಟ್ಟು ನೋಡಿದ್ರಿ, ಅಲ್ವಾ?"

"ನೋಡಿದೆ ಸಾರ್."

"ಸರಿ. ಒಳಗೋಗಿ ಕೂತ್ಕೊಳ್ಳಿ."

ಒಳಗೆ ಮೊದಲನೆಯವನು ಗಬಗಬ ತಿನ್ನುತ್ತಿದ್ದ. ಅವನ ಪಕ್ಕದಲ್ಲೇ ಕೂರಬೇಕಾಯಿತಲ್ಲ ಎಂದು ಗದಿಗೆಪ್ಪನಿಗೆ ಹೇಸಿಗೆಯಾಯಿತು. ಇನ್ನು ದಿನಾ ಇದೇ ಸುಳ್ಳು, ಇದೇ ಸಂಗ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಮಹಾಂತಮ್ಮನಿಗೆ ಫೋನ್ ಮಾಡಿ ಕೆಲಸ ಆಯಿತು ಅಂದ. ಅವಳು ಆ ಕಡೆ ಅತ್ತೇಬಿಟ್ಟಳು. ಅವನು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ವೆಂಕಟೇಶಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಗದಿಗೆಪ್ಪ ಎದ್ದು ನಿಂತು, ಯಾವತ್ತಿನಿಂದ ಬರಲಿ ಎಂದು ಕೇಳಿದ.

"ಇಬ್ರು ಬೇಕಿತ್ತು, ಆ ಬಸಲಿಂಗ ಒಬ್ಬನೇ ಸಿಕ್ಕಿದ, ಇವತ್ತೇ ಸೇರ್ಕೊ ಅಂದೆ, ಕೆಲಸದ ಬಟ್ಟೆ ತರೋಕೆ ರೂಮಿಗೆ ಓಡಿದಾನೆ. ಕೆಲಸ ಇಲ್ಲ ಅಂತ ಕಳಿಸೋರನ್ನ ಬರೀ ಹೊಟ್ಟೇಲಿ ಕಳಿಸಬಾರದು ಅಂತಾರೆ ನಮ್ಮಮ್ಮ, ಕೂತ್ಕೊಂಡು ತಿನ್ನಿ."