ಬೆಕ್ಕಿನ ಚಿತ್ರದ ಪುಟ

ಬೇಸಿಗೆ ರಜೆ, ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಮಕ್ಕಳ ಕತೆಗಾರರೊಬ್ಬರ ಕುರಿತ ಸಚಿತ್ರ ಕೋಶ ಊರ ಗ್ರಂಥಾಲಯಕ್ಕೆ ಬಂದಿತ್ತು. ಅವರ ಕೊಡೆ, ಕನ್ನಡಕ, ಬೆಕ್ಕು, ಎಲ್ಲದರ ಚಿತ್ರವೂ ಅದರಲ್ಲಿತ್ತು. ಹುಡುಗರು ಅದಕ್ಕೆ ಮುಗಿಬೀಳುತ್ತಿದ್ದರು. ಒಂದು ಹಾಳೆ ಹರಿದರೂ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿಯಬೇಕೆಂದು ಮೇಲಿನವರು ಹೇಳಿದ್ದರು.

ಗ್ರಂಥಾಲಯ ನೋಡಿಕೊಳ್ಳುವ ಶಂಕ್ರವ್ವನಿಗೆ ಒಬ್ಬ ಮುದುಕನ ಮೇಲೆ ಗುಮಾನಿ. ಮಕ್ಕಳು ಹೋಗುವ ತನಕ ಕಾಯುತ್ತಾನೆ, ಬೆಕ್ಕಿನ ಪುಟವನ್ನೇ ತೆರೆಯುತ್ತಾನೆ, ಕೈ ಜೇಬಿಗೆ ಹೋಗುತ್ತದೆ. ಬ್ಲೇಡೇ ಇರಬೇಕು. ಮಂಗಳವಾರ ಹಿಂದಿನಿಂದ ಹೋಗಿ ಅವನ ಮುಂಗೈ ಹಿಡಿದಳು.

“ಚಿತ್ರ ಕೊಯ್ದು ಮನ್ಯಾಗ ಅಂಟಿಸ್ಕೊಂತೀಯೇನಜ್ಜಾ? ಕೈ ಬಿಚ್ಚು!”

ಅಂಗೈಯಲ್ಲಿ ನವಿಲುಗರಿಯ ಒಂದು ಎಳೆ. ಪುಟದ ನಡುವೆ ಆಗಲೇ ದೊಡ್ಡ ಗರಿಯೊಂದಿತ್ತು, ಪಕ್ಕದಲ್ಲಿ ಅಂಥವೇ ಪುಟ್ಟ ಎಳೆಗಳು.

“ಮೆಲ್ಲಕ ಮಾತಾಡವ್ವಾ. ದೊಡ್ಡದು ಹುಡುಗರು ಇಟ್ಟದ್ದು. ಮರಿ ಹಾಕತೈತಿ ಅಂತ ದಿನಾ ಬಂದು ನೋಡ್ತಾವ.”

“ಮಕ್ಕಳಿಗೆ ಮೋಸ ಮಾಡ್ತೀಯಲ್ಲ, ನಾಚ್ಕಿ ಇಲ್ಲೇನು ನಿನಗ?” ಶಂಕ್ರವ್ವ ಅವನನ್ನು ಹೊರಗೆ ಕಳಿಸಿ, ಇನ್ನು ಬರಬೇಡ ಎಂದಳು.

ಬುಧವಾರ ಮಕ್ಕಳು ಪುಟ ತೆರೆದು, ಹೊಸ ಮರಿ ಕಾಣದೆ ಮೋರೆ ಸಪ್ಪೆ ಮಾಡಿಕೊಂಡರು.

ಗುರುವಾರ ಬೆಳಗಾಗುತ್ತಲೇ ಶಂಕ್ರವ್ವ ಗರಿ ಆರಿಸಲು ನವಿಲುಗಳಿರುವ ಗುಡ್ಡದ ಕಡೆ ಹೊರಟಳು.