ದಾಟಿದ ಗುಳ್ಳೆಗಳು

“ಗುಳ್ಳೆಗಳು ಹೃದಯದ ಈ ಕೋಣೆಯಿಂದ ಆ ಕೋಣೆಗೆ ದಾಟಬಾರ್ದು. ದಾಟದಿದ್ರೆ ನಾಳೆನೇ ನೀರಿಗೆ ಇಳೀಬಹುದು,” ಎಂದು ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಎಡಮಗ್ಗುಲಾಗಿ ಮಲಗಿದ್ದ ಮಗ ತಲೆಯಾಡಿಸಿದ. ಗೋಡೆಬದಿಯ ಸ್ಟೂಲಿನಲ್ಲಿ ಕುಳಿತಿದ್ದ ತಾಯಿ ಮಾತ್ರ ಮನಸ್ಸಿನಲ್ಲೇ, ದಾಟಲಿ, ಒಂದಾದರೂ ದಾಟಲಿ, ಎಂದುಕೊಂಡಳು.

ಮಗನದು ಬಂದರಿನಲ್ಲಿ ಹಡಗುಗಳ ಅಡಿಗೆ ಮುಳುಗಿ ಬೆಸುಗೆ ಹಾಕುವ ಕೆಲಸ. ಹಿಂದಿನ ತಿಂಗಳು ನೀರಿನಿಂದ ಮೇಲೆ ಬಂದವನಿಗೆ ಎಡಗೈ ಮರಗಟ್ಟಿ, ನಾಲಿಗೆ ತೊದಲಿತ್ತು. ಚಿಕಿತ್ಸೆ ಕೊಟ್ಟು ಸರಿಮಾಡಿದ್ದರು. ಆದರೆ ಹೃದಯದ ಪರೀಕ್ಷೆ ಆಗುವವರೆಗೆ ಕೆಲಸಕ್ಕೆ ಬರಬೇಡ ಎಂದಿದ್ದರು. ಅಂದಿನಿಂದ ಅವನು ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡಿಕೊಂಡಿದ್ದ. ಅವಳಿಗೆ ಮಾತ್ರ ಎಷ್ಟೋ ವರ್ಷಗಳ ಮೇಲೆ ಕಣ್ತುಂಬ ನಿದ್ದೆ.

ಡಾಕ್ಟರಮ್ಮ ಎರಡು ಸಿರಿಂಜುಗಳನ್ನು ಜೋಡಿಸಿ, ಉಪ್ಪುನೀರನ್ನೂ ಚೂರು ಗಾಳಿಯನ್ನೂ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಳ್ಳಿ ನೊರೆ ಬರಿಸುತ್ತಿದ್ದರು. ಅದು ಮಗನ ಕೈಗೆ ಹೋಗುತ್ತದೆಂದು ತಿಳಿದು ತಾಯಿ ಎದ್ದು ನಿಂತಳು.

“ರಕ್ತದೊಳಗೆ ಗಾಳಿ ಬಿಡ್ತೀರಾ?”

“ಹೆದರ್ಕೋಬೇಡಿ, ಚಿಟಿಕೆಯಷ್ಟು. ಕೈಯಿಂದ ಹೃದಯದ ಬಲಗಡೆಗೆ ಬರುತ್ತೆ, ಅಲ್ಲಿಂದ ಶ್ವಾಸಕೋಶಕ್ಕೆ. ಅಲ್ಲಿರೋ ನಾಳಗಳು ಕೂದಲಿಗಿಂತ ಸಣ್ಣ. ಜರಡಿ ಹಿಡಿದ ಹಾಗೆ ಗುಳ್ಳೆನೆಲ್ಲ ತಡೆದು ಉಸಿರಲ್ಲಿ ಹೊರಗೆ ಹಾಕುತ್ತೆ. ಗುಳ್ಳೆ ಇಲ್ಲದ ರಕ್ತ ಹೃದಯದ ಎಡಗಡೆಗೆ ಬಂದು ಮೈಗೆಲ್ಲ ಹೋಗುತ್ತೆ.”

“ಜರಡಿಗೆ ಸಿಗದೆ ತಪ್ಪಿಸ್ಕೊಂಡ್ರೆ?”

“ನೇರ ತಲೆಗೆ ಹೋಗಬಹುದು. ಇಷ್ಟು ಚೂರಿಂದ ತೊಂದರೆ ಇಲ್ಲ, ಆದ್ರೆ ಆಳದಿಂದ ಮೇಲೆ ಬರುವಾಗ ರಕ್ತದಲ್ಲಿ ಏಳೋ ಗುಳ್ಳೆಗಳಿಂದ ಇವರಿಗೆ ಆಗಿದ್ದೂ ಅದೇ ಅಂತ ನನ್ನ ಅನುಮಾನ.”

ತಾಯಿ ಪರದೆಯ ಹತ್ತಿರ ಬಂದಳು. ಕಪ್ಪುಬಿಳುಪಿನಲ್ಲಿ ನಾಲ್ಕು ಕೋಣೆಗಳು ಹಿಗ್ಗುತ್ತಿದ್ದವು, ಕುಗ್ಗುತ್ತಿದ್ದವು. ನಡುವೆ ತೆಳ್ಳನೆಯ ಕವಾಟಗಳು ಪಟಪಟ ಬಡಿಯುತ್ತಿದ್ದವು. ಇದನ್ನೇ ಹೊತ್ತುಕೊಂಡು ಇವನು ಇಷ್ಟು ವರ್ಷ ತನ್ನೆದುರು ಉಂಡು, ಜಗಳವಾಡಿ, ಬಾಗಿಲು ಬಡಿದುಕೊಂಡು ಹೋಗಿದ್ದನೆ? ಅವಳಿಗೆ ತಾನು ಬಂದ ಉದ್ದೇಶವೇ ಮರೆತುಹೋಯಿತು.

“ಉಸಿರು ಬಿಗಿಹಿಡಿದು ತಿಣುಕಿ... ಹಾಂ, ಬಿಡಿ,” ಎನ್ನುತ್ತ ಡಾಕ್ಟರಮ್ಮ ನೊರೆಯನ್ನು ಮಗನ ಕೈಯ ನಾಳಕ್ಕೆ ತಳ್ಳಿದರು.

ಬಲಗಡೆಯ ಕೋಣೆ ಹಾಲು ಸುರಿದಂತೆ ಬೆಳ್ಳಗಾಯಿತು. ನಡುವಿನ ಗೋಡೆ ಒಮ್ಮೆ ಅದುರಿತು. ಒಂದು ಬಿಳಿ ಚುಕ್ಕೆ ಆಚೆಗೆ ನುಸುಳಿತು. ಹಿಂದೆಯೇ ಇನ್ನೊಂದು. ಆಮೇಲೆ ಒಂದು ಹಿಡಿ.

ಬೇಡಿದ್ದು ಕೈಗೆ ಬಂದಿತ್ತು. ಮಗ ಪರದೆಯಿಂದ ಕಣ್ಣು ತೆಗೆದು ಗೋಡೆ ನೋಡಿದ. ಮನೆಗೆ ಹೋದರೆ ಇನ್ನು ದಿನವೂ ತಾನು ನೋಡಬೇಕಾದ ಮುಖ ಇದೇ ಎಂದು ಅವಳಿಗೆ ಹೊಳೆಯಿತು.

“ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಮೊದಲಿಂದಲೂ ಹೀಗೆ ಇವನು, ಎಲ್ಲದಕ್ಕೂ ಅತಿಯಾಗಿ ತಿಣುಕ್ತಾನೆ.”

ಡಾಕ್ಟರಮ್ಮ ನಗು ತಡೆದುಕೊಂಡು ಇನ್ನೊಮ್ಮೆ ಮಾಡಿದರು. ಗುಳ್ಳೆಗಳು ಇನ್ನಷ್ಟು ಧಾರಾಳವಾಗಿ ದಾಟಿದವು.

“ಈ ತೂತು ಯಾವಾಗ ಬಿತ್ತು?”

“ಬಿದ್ದಿದ್ದಲ್ಲಮ್ಮ, ಇದು ಹುಟ್ಟೋಕೆ ಮುಂಚಿನ ಬಾಗಿಲು. ನಮಗೆಲ್ಲರಿಗೂ ಇತ್ತು. ಹೊಟ್ಟೆಯೊಳಗೆ ಗಾಳಿ ಎಲ್ಲಿಂದ ಬರಬೇಕು? ಮಗುವಿನ ಶ್ವಾಸಕೋಶದಲ್ಲಿ ಬರೀ ನೀರು. ರಕ್ತ ಅಲ್ಲಿಗೆ ಹೋಗಿ ಪ್ರಯೋಜನ ಇಲ್ಲ ಅಂತ ಈ ಅಡ್ಡದಾರಿ. ಹುಟ್ಟಿ ಮೊದಲ ಉಸಿರು ಎಳೆದಾಗ ಶ್ವಾಸಕೋಶ ಅರಳುತ್ತೆ, ಅಲ್ಲಿಂದ ರಕ್ತ ಎಡಗಡೆಗೆ ನುಗ್ಗಿ ಬಾಗಿಲನ್ನ ತಳ್ಳಿ ಮುಚ್ಚುತ್ತೆ. ಬರ್ತಾ ಬರ್ತಾ ಅಂಟ್ಕೊಳ್ಳುತ್ತೆ. ನಾಲ್ಕು ಜನರಲ್ಲಿ ಒಬ್ಬರಿಗೆ ಸರಿಯಾಗಿ ಅಂಟಲ್ಲ. ನನಗೂ ಇರಬಹುದು, ಯಾರಿಗ್ಗೊತ್ತು. ಆಳಕ್ಕೆ ಮುಳುಗೋರ ರಕ್ತದಲ್ಲಿ ಗುಳ್ಳೆ ಏಳುತ್ತೆ ನೋಡಿ, ಅವರಿಗೆ ಅಪಾಯ.”

“ಹುಟ್ಟಿದಾಗ ಇವನು ಸರಿಯಾಗಿ ಅಳಲೇ ಇಲ್ಲ. ಕಣ್ಣು ಪಿಳಿಪಿಳಿ ಬಿಡ್ತಿದ್ದ. ಅದಕ್ಕೇನಾ?”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಅವಳು ಸ್ವಲ್ಪ ಹೊತ್ತು ಲೆಕ್ಕಾಚಾರ ಮಾಡುವವಳಂತೆ ನಿಂತಳು. “ಮತ್ತೆ ಹುಟ್ಟೋವರೆಗೆ ಇವನಿಗೆ ಉಸಿರು?”

“ನಿಮ್ಮದೇ. ಇಬ್ಬರ ಪಾಲಿಂದೂ ನೀವೇ ಉಸಿರಾಡಿದ್ದು.”

ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಅಲ್ಲಿ ಒರೆಸಲು ಏನೂ ಇಲ್ಲದಿದ್ದರೂ.

ತೊಡೆಯ ರಕ್ತನಾಳದಿಂದ ಒಂದು ಪುಟ್ಟ ಬಿಲ್ಲೆ ಕಳಿಸಿ ಬಾಗಿಲು ಮುಚ್ಚಬಹುದು, ಕೆಲವು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ, ಗುಳ್ಳೆ ದಾಟದಿದ್ದರೆ ನೀರಿಗಿಳಿಯಲು ಅಡ್ಡಿಯಿಲ್ಲ ಎಂದು ಡಾಕ್ಟರಮ್ಮ ವಿವರಿಸಿದರು. ಬೇಡವೆಂದರೆ ಬೇರೆ ಕೆಲಸ ಹುಡುಕಿಕೊಂಡು ಆರಾಮವಾಗಿರಬಹುದು. ಮಗ ತಾಯಿಯತ್ತ ನೋಡಿದ.

“ಮುಚ್ಚಿಸ್ಕೋ,” ಎಂದಳು.

“ಮುಚ್ಚಿಸಿದ್ರೆ ನಾನು ಮತ್ತೆ ಇಳೀತೀನಮ್ಮ.”

“ಗೊತ್ತು. ನಂಗೆ ಕಿವಿ ಕೇಳ್ಸುತ್ತೆ.”

ಹೊರಗಿನ ಉದ್ದನೆಯ ಹಜಾರದಲ್ಲಿ ಇಬ್ಬರೂ ನಡೆದರು. ಮೆಟ್ಟಿಲ ಹತ್ತಿರ ಬಂದಾಗ ಅವಳು, ಅವನು ಕೆಲಸಕ್ಕೆ ಸೇರಿದಾಗಿನಿಂದ ಒಮ್ಮೆಯೂ ಕೇಳದಿದ್ದುದನ್ನು ಕೇಳಿದಳು. “ಅಷ್ಟು ಕೆಳಗೆ ಏನು ಕಾಣುತ್ತೋ?”

ಮಗ ನಿಂತುಬಿಟ್ಟ. “ಏನೂ ಕಾಣಲ್ಲಮ್ಮ. ಬಂದರಿನ ನೀರು ಬರೀ ರಾಡಿ. ಕೈಯಲ್ಲಿ ತಡವಿ ತಡವಿ ಕೆಲಸ.”

“ಸದ್ದಾದ್ರೂ?”

“ಉಸಿರಿಂದು ಒಂದೇ. ಹೋಗ್ತಾ ಬರ್ತಾ, ಹೋಗ್ತಾ ಬರ್ತಾ.”

ತಾಯಿ ಕಂಬಿ ಹಿಡಿದು ಒಂದು ಮೆಟ್ಟಿಲಿಳಿದಳು. “ಹಾಗಾದ್ರೆ ಮೊದಮೊದಲು, ಹೊಟ್ಟೇಲಿದ್ದಾಗ, ನಂದೇ ಕೇಳಿಸಿರ್ಬೇಕು ನಿಂಗೆ,” ಎಂದಳು.