ಮೊಣಕಾಲುದ್ದ ಕೆಸರು

ಹಸಿ ಎರೆಮಣ್ಣಿನ ಜೊತೆ ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಈಗಲೂ ನನ್ನ ದವಡೆ ಬಿಗಿಯುತ್ತದೆ.

ಮಲಪ್ರಭೆಯ ನೆರೆ ಇಳಿದಿತ್ತು. ನಮ್ಮ ಮನೆಯ ಉದ್ದನೆಯ ಹಾದಿ ಮೊಣಕಾಲುದ್ದ ಕೆಸರಿನಲ್ಲಿ ಹೂತುಹೋಗಿ, ದವಾಖಾನಿಯ ಗಾಡಿ ಒಳಗೆ ಬರುವಂತಿರಲಿಲ್ಲ. ಅವ್ವ ವಾಂತಿಭೇದಿಯಿಂದ ಬಾಡಿ ಮಲಗಿದ್ದಳು. ಕೆಸರು ಬಳಿದು ತೆಗೆಯಲು ಊರಿಗೆ ಬಂದದ್ದು ಒಂದೇ ಸಣ್ಣ ಟ್ರ್ಯಾಕ್ಟರ್.

"ಮೊದ್ಲ ನೆರೆ ನೋಡಾಕ ಸಾಹೇಬ್ರು ಬರೋ ರಸ್ತಾ ಆಗ್ಲಿ. ಸಂಜಿಗೆ ಬರ್ತೀನ್ರಿ ಕಾಕಾ," ಎಂದ ಡ್ರೈವರ್.

"ಲಗೂ ಬಾರಪಾ," ಎಂದು ಕೈಮುಗಿದು ಬಂದ ಅಪ್ಪ ಕಾಯುತ್ತ ಕುಳಿತ.

ಸಾಹೇಬರು ಬರಲೇ ಇಲ್ಲ. ಬಳಿದ ರಸ್ತೆಯನ್ನೇ ಮತ್ತೆ ಬಳಿದರು. ಸಂಜೆಗೆ ಅವ್ವ ಹೋದಳು.

ಮರುದಿನ ಟ್ರ್ಯಾಕ್ಟರ್ ನಮ್ಮ ಹಾದಿಗೆ ತಿರುಗಿತು. "ಹೆಣ ಒಯ್ಯಾಕ ಹಾದಿ ಬೇಕಲ್ರಿ ಕಾಕಾ."

ಅಪ್ಪ ಅಡ್ಡ ನಿಂತ. "ನಿನ್ನಿ ಬೇಕಿತ್ತು. ತಿರುಗಿಸ್ಕೊಂಡು ಹೋಗು."

ಅವ್ವನನ್ನು ಕೆಸರಿನಲ್ಲೇ ಹೊತ್ತರು. ಅಪ್ಪನ ಕಾಲು ಹೂತಲ್ಲೇ ಕಾಲಿಡುತ್ತ ನಾನು ಹಿಂದೆ ನಡೆದೆ.